ಸ್ಪ್ಯಾನರ್ ಕೇಳಿದರೆ ರಿಜಿಸ್ಟರ್ ಕೊಡುತ್ತಾರೆ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ವಯಸ್ಸು 26. ಬೆಂಗಳೂರಿನ ಒಂದು ವಿಮಾನ ದುರಸ್ತಿ ಹ್ಯಾಂಗರ್‌ನಲ್ಲಿ ಟೆಕ್ನೀಷಿಯನ್. ವಿಮಾನ ನಿರ್ವಹಣಾ ಎಂಜಿನಿಯರ್‌ಗೆ ಬೇಕಾದ ಬಿ1 ಲೈಸೆನ್ಸ್‌ಗಾಗಿ ಪರೀಕ್ಷೆ ಬರೆಯುತ್ತಿದ್ದೇನೆ. ನಮ್ಮ ಶಿಫ್ಟ್‌ನಲ್ಲಿ ನಾನೊಬ್ಬಳೇ ಹೆಣ್ಣು. ಸೀನಿಯರ್‌ಗಳು ಒಳ್ಳೆಯವರೇ, ಯಾರೂ ಅಸಭ್ಯವಾಗಿ ನಡೆದುಕೊಂಡಿಲ್ಲ. ಆದರೆ ಚಕ್ರ ಬದಲಿಸುವಾಗ, ಎಂಜಿನ್ ಕವಚ ಬಿಚ್ಚುವಾಗ, ‘ನೀನು ಗ್ರೀಸ್ ಮೆತ್ತಿಕೊಳ್ಳಬೇಡಮ್ಮ, ನಿನ್ನ ಅಕ್ಷರ ಚೆನ್ನಾಗಿದೆ, ರಿಜಿಸ್ಟರ್ ಬರೆ’ ಎನ್ನುತ್ತಾರೆ. ದೂರು ಕೊಟ್ಟರೆ ಜಗಳಗಂಟಿ ಎಂಬ ಹೆಸರು ಬರುತ್ತದೆ. ಇತ್ತ ಒಂದು ಸಂಬಂಧ ಬಂದಿದೆ. ಹುಡುಗನ ಮನೆಯವರಿಗೆ ರಾತ್ರಿ ಪಾಳಿ ಹಿಡಿಸುತ್ತಿಲ್ಲ. ಎಲ್ಲ ಬಿಟ್ಟು ಊರಿಗೆ ಬಂದುಬಿಡಲೇ?
– ಹೆಸರು ಬೇಡ

ಉತ್ತರ: ನಿಮ್ಮ ಪೂರ್ತಿ ಪತ್ರದಲ್ಲಿ ಮೂರು ಕಡೆ ‘ಅವರು ಒಳ್ಳೆಯವರೇ’ ಎಂದಿದೆ. ಇರಬಹುದು. ಆ ಒಳ್ಳೆಯತನದಿಂದಲೇ ನಿಮ್ಮ ಲಾಗ್‌ಬುಕ್ ಖಾಲಿ ಉಳಿಯುತ್ತಿದೆ, ತಂಗಿ. ಪರೀಕ್ಷೆ ಪಾಸಾದ ಮಾತ್ರಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಲೈಸೆನ್ಸ್ ಕೊಡುವುದಿಲ್ಲ, ಕೈಯಾರೆ ಮಾಡಿದ ಕೆಲಸದ ದಾಖಲೆಯನ್ನೂ ಕೇಳುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪಕ್ಕದ ಹುಡುಗ ಇವತ್ತು ಬ್ರೇಕ್ ಬಿಚ್ಚಿ, ಸಹಿ ಹಾಕಿಸಿಕೊಂಡು ಹೋದ. ನೀವು ಅವನ ಕೆಲಸವನ್ನು ಚೆಂದದ ಅಕ್ಷರದಲ್ಲಿ ಬರೆದಿರಿ!

1981ಕ್ಕೆ ಮೊದಲು ಏರ್ ಇಂಡಿಯಾದ ಗಗನಸಖಿ ಮೊದಲ ಬಸಿರಿಗೇ ಕೆಲಸ ಬಿಡಬೇಕೆಂಬ ನಿಯಮವಿತ್ತು. ಅದು ಕಾಗದದ ಮೇಲಿದ್ದುದರಿಂದ ಗಗನಸಖಿ ನರ್ಗೀಸ್ ಮಿರ್ಜಾ ಸುಪ್ರೀಂ ಕೋರ್ಟ್‌ಗೆ ಹೋಗಿ ಅದನ್ನು ರದ್ದು ಮಾಡಿಸಲು ಸಾಧ್ಯವಾಯಿತು. ‘ಗ್ರೀಸ್ ಮೆತ್ತಿಕೊಳ್ಳಬೇಡಮ್ಮ’ ಎಂಬುದು ಯಾವ ಕಾಗದದಲ್ಲೂ ಇಲ್ಲ. ಆದ್ದರಿಂದ ಕಾಗದಕ್ಕೆ ತರುವ ಕೆಲಸ ನಿಮ್ಮದು.

ವಾರದ ರಜೆಯ ದಿನ ಕಳೆದ ಆರು ತಿಂಗಳ ಲಾಗ್‌ಬುಕ್ ಹರಡಿಕೊಂಡು ಕೂತು ಲೆಕ್ಕ ಹಾಕಿ: ನೀವೇ ಮಾಡಿದ ಕೆಲಸಗಳೆಷ್ಟು, ಬರೀ ಬರೆದುಕೊಟ್ಟವೆಷ್ಟು, ಲೈಸೆನ್ಸ್‌ಗೆ ಇನ್ನೂ ಏನೇನು ಬಾಕಿ. ಆ ಬಾಕಿ ಪಟ್ಟಿಯನ್ನು ಹಿಡಿದು ಶಿಫ್ಟ್ ಇನ್‌ಚಾರ್ಜ್ ಬಳಿ ಹೋಗಿ. ಹೆಣ್ಣೆಂಬ ಮಾತು ಎತ್ತಲೇಬೇಡಿ. ಎತ್ತಿದರೆ ಅವರು ಅರ್ಧ ಗಂಟೆ ತಮ್ಮ ಹೆಣ್ಣುಮಕ್ಕಳ ಕಥೆ ಹೇಳುತ್ತಾರೆ. ‘ಈ ಎಂಟು ಕೆಲಸ ಬಾಕಿ, ಮುಂದಿನ ರೋಸ್ಟರ್‌ನಲ್ಲಿ ನನ್ನನ್ನು ಇವುಗಳಿಗೆ ಹಾಕಿ ಸರ್’ ಎನ್ನಿ. ಅದೇ ದಿನ ಅದನ್ನೇ ಮೇಲ್ ಮಾಡಿ. ಇದನ್ನು ಯಾರೂ ಜಗಳ ಎನ್ನಲಾರರು. ಎರಡು ರೋಸ್ಟರ್ ಕಳೆದರೂ ಬದಲಾಗದಿದ್ದರೆ ಆ ಮೇಲ್ ಸಮೇತ ಮೇಲಿನವರ ಬಳಿ ಹೋಗಿ. ಮುಂದೆಂದಾದರೂ ಮಾತು ಅಸಭ್ಯ ದಾರಿ ಹಿಡಿದರೆ ವಿಷಯ ಬೇರೆ: ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರೆದು ಕೊಡಬೇಕು.

ದೇಶದ ಪೈಲಟ್‌ಗಳಲ್ಲಿ ಶೇಕಡಾ 15ರಷ್ಟು ಹೆಂಗಸರು ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಅದು ಕಾಕ್‌ಪಿಟ್‌ನ ಲೆಕ್ಕ. ಹ್ಯಾಂಗರ್‌ನೊಳಗೆ ನಿಮ್ಮಂಥವರು ಇನ್ನೂ ಒಬ್ಬೊಬ್ಬರೇ.

ಇನ್ನು ಸಂಬಂಧದ ಮಾತು. ನಮ್ಮ ಕೊಡಗಿನವರ ರೀತಿ ನೋಡಿದರೆ ನನಗೆ ನಗು ಬರುತ್ತದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಆಕಾಶದಲ್ಲಿ ಹೋರಾಡಿ ಮಡಿದ ವಾಯುಪಡೆಯ ಅಜ್ಜಮಾಡ ದೇವಯ್ಯನವರ ಪ್ರತಿಮೆಗೆ ಮಡಿಕೇರಿಯಲ್ಲಿ ಹಾರ ಹಾಕುತ್ತೇವೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಸೊಸೆ ಕೋವಿ ಎತ್ತಿ ತೆಂಗಿನಕಾಯಿ ಉರುಳಿಸಿದರೆ ಮಾವನೇ ಮೊದಲು ಚಪ್ಪಾಳೆ ತಟ್ಟುತ್ತಾನೆ. ಅದೇ ಸೊಸೆ ರಾತ್ರಿ ಎರಡು ಗಂಟೆಗೆ ವಿಮಾನದ ಚಕ್ರ ಬಿಚ್ಚುತ್ತಾಳೆ ಎಂದರೆ ಮಾತ್ರ ಕಾಫಿ ಲೋಟ ಕೆಳಗಿಡುತ್ತಾನೆ. ಹಗಲೆಲ್ಲ ಹಾರುವ ವಿಮಾನವನ್ನು ರಾತ್ರಿಯಲ್ಲದೆ ಇನ್ಯಾವಾಗ ರಿಪೇರಿ ಮಾಡುವುದು ಎಂದು ಅವರಿಗೆ ಬಹುಶಃ ಯಾರೂ ಹೇಳಿಲ್ಲ.

ಹಿರಿಯರ ಬಾಯಲ್ಲಿ ಸುತ್ತಿ ಬಂದ ಉತ್ತರವನ್ನು ನಂಬಿ ಕೂರಬೇಡಿ. ಹುಡುಗನಿಗೆ ನೀವೇ ಫೋನ್ ಮಾಡಿ, ರಾತ್ರಿ ಪಾಳಿ ಬೇಡವೆಂದದ್ದು ಅವನೋ, ಅವನ ಮನೆಯವರೋ ಎಂದು ಕೇಳಿ. ಅವನೇ ಎಂದಾದರೆ ಈ ಸಂಬಂಧ ಇಲ್ಲಿಗೇ ನಿಲ್ಲುವುದು ಒಳ್ಳೆಯದು. ಮನೆಯವರು ಎಂದಾದರೆ ಅವರನ್ನು ಒಪ್ಪಿಸುವ ಕೆಲಸವನ್ನು ಅವನಿಗೇ ಬಿಡಿ.

ಊರಿಗೆ ಬಂದುಬಿಡಲೇ ಎಂದು ಕೇಳಿದ್ದೀರಿ. ಬಂದು ಏನು ಮಾಡುತ್ತೀರಿ? ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ವಿಮಾನ ದೂರದ ಮಾತು. ಮೈಸೂರು, ಕಣ್ಣೂರು, ಮಂಗಳೂರು, ಯಾವುದಕ್ಕಾದರೂ ಜಿಲ್ಲೆ ದಾಟಲೇಬೇಕು. ಶಿಕ್ಷಕಿಯಾಗಿದ್ದರೆ ಗೋಣಿಕೊಪ್ಪದಲ್ಲಿ ಇನ್ನೊಂದು ಶಾಲೆ ಸಿಗುತ್ತಿತ್ತು. ನಿಮ್ಮದು ಹಾಗಲ್ಲ, ಊರಿಗೆ ಬಂದರೆ ಕಸುಬನ್ನೇ ಬಿಟ್ಟಂತೆ. ಲೈಸೆನ್ಸ್ ಕೈಗೆ ಬರುವವರೆಗಾದರೂ ರಾಜೀನಾಮೆ ಬರೆಯಬೇಡಿ.

ಹುಡುಗ ಏನೆಂದ ಎಂದು ಬರೆಯಿರಿ. ಬಾಕಿ ಪಟ್ಟಿಯಲ್ಲಿ ಎಷ್ಟು ಕೆಲಸ ಇಳಿಯಿತು ಎಂಬುದನ್ನೂ.