ಮಂಡಿ ಸವೆದಿದ್ದರೆ ನಡೆಯುವುದನ್ನು ಬಿಡಬೇಕಾ?

ನಿಮ್ಮ ಅಮ್ಮನಿಗೆ 58 ವರ್ಷ. ಎಕ್ಸ್‌ರೇ ನೋಡಿ ಡಾಕ್ಟರ್ ಮಂಡಿ ಸವೆದಿದೆ ಅಂದಾಗಿನಿಂದ ವಾಕಿಂಗ್ ಬಿಟ್ಟು ಮನೆಯಲ್ಲೇ ಕೂತಿದ್ದಾರೆ. ನಡೆದರೆ ಇನ್ನೂ ಸವೆಯುತ್ತಾ, ಆಪರೇಷನ್ನೇ ಗತಿನಾ ಅಂತ ಕೇಳಿದ್ದೀರಿ. ಹದವಾಗಿ ನಡೆದರೆ ಸವೆಯಲ್ಲ. ದಯವಿಟ್ಟು ಅವರನ್ನು ಮತ್ತೆ ನಡೆಸಿ. ನಾನು ಬಸವನಗುಡಿಯಲ್ಲಿ ಫಿಸಿಯೋಥೆರಪಿಸ್ಟ್. ಸವೆತಕ್ಕಿಂತ ಈ ಹೆದರಿಕೆಯೇ ಜನರನ್ನು ಬೇಗ ಮೂಲೆಗೆ ಕೂರಿಸುವುದನ್ನು ನೋಡಿ ಸಂಕಟವಾಗುತ್ತದೆ.

ಮಂಡಿಯಲ್ಲಿ ಸವೆಯುವುದು ಮೂಳೆಯ ತುದಿಯಲ್ಲಿರುವ ನುಣುಪಾದ ಪದರ, ಅಂದರೆ ಕಾರ್ಟಿಲೇಜ್. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಕಾಲೂರಿದಾಗ ಸ್ಪಂಜಿನ ಹಾಗೆ ಅದುಮಿಕೊಳ್ಳುತ್ತದೆ, ಎತ್ತಿದಾಗ ದ್ರವ ಹೀರಿಕೊಳ್ಳುತ್ತದೆ. ಸುಮ್ನೆ ಕೂತರೆ ಈ ಕೆಲಸ ಕುಂಟುತ್ತದೆ. ತೊಡೆಯ ಸ್ನಾಯುವೂ ಸೊರಗಿ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ಎಕ್ಸ್‌ರೇ ನೋಡಿ ಎದೆಗುಂದಬೇಡಿ. ಅದರಲ್ಲಿ ತುಂಬಾ ಸವೆದಂತೆ ಕಾಣುವ ಎಷ್ಟೋ ಜನ ಆರಾಮಾಗಿ ಓಡಾಡುತ್ತಾರೆ.

ನನ್ನ ಪ್ರಕಾರ ಮೊದಲ ಔಷಧಿ ತೊಡೆಯ ಸ್ನಾಯು. ಅಮ್ಮನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಒಂದು ಕಾಲನ್ನು ನಿಧಾನಕ್ಕೆ ಎತ್ತಿ ಮಂಡಿ ನೇರ ಮಾಡಲಿ. ಪಾದದ ಬೆರಳುಗಳನ್ನು ತಮ್ಮ ಕಡೆಗೆ ಎಳೆದುಕೊಂಡು, ಐದು ಎಣಿಸಿ ಇಳಿಸಲಿ. ಮಂಡಿಯಿಂದ ಒಂದು ಗೇಣು ಮೇಲೆ ನೀವು ಕೈಯಿಟ್ಟು ನೋಡಿ, ಸ್ನಾಯು ಗಟ್ಟಿಯಾಗಬೇಕು. ಸಡಿಲವಾಗೇ ಇದ್ದರೆ ಮಂಡಿ ಪೂರ್ತಿ ನೇರ ಆಗಿಲ್ಲ ಅಂತ. ಒಂದೊಂದು ಕಾಲಿಗೂ 10 ಸಲ, ದಿನಕ್ಕೆ ಎರಡು ಹೊತ್ತು. ಎಂಟು ವಾರವಾದರೂ ಬಿಡದೆ ಮಾಡಿಸಿ. ಒಂದೇ ವಾರಕ್ಕೆ ಫಲ ಕಾಣಲಿಲ್ಲ ಅಂತ ಬಿಡುವವರೇ ಜಾಸ್ತಿ.

ನಡಿಗೆ ಶುರುವಿಗೆ 10 ನಿಮಿಷ ಸಾಕು. ನಮ್ಮ ಫುಟ್‌ಪಾತ್‌ಗಳನ್ನು ನಂಬುವ ಹಾಗಿಲ್ಲ, ಪಾರ್ಕೇ ವಾಸಿ. ಲಾಲ್‌ಬಾಗ್‌ಗೆ ಹೋದರೆ ಬಂಡೆ ಹತ್ತುವುದು ಸದ್ಯಕ್ಕೆ ಬೇಡ, ಸಮತಟ್ಟಾದ ದಾರಿ ಹಿಡಿಯಲಿ. ನಡೆಯುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ಬೆಳಗ್ಗೆಯೂ ನೋವು ಮಾಮೂಲಿಗಿಂತ ಜಾಸ್ತಿ ಇದ್ದರೆ ಅವತ್ತು ಕಡಿಮೆ ನಡೆಯಲಿ. ಕೋಲು ಬೇಕಾದರೆ ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಇದನ್ನು ತುಂಬಾ ಜನ ಉಲ್ಟಾ ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಈಳಿಗೆಮಣೆ ಮುಂದೆ ಕೂರುವುದು, ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಪೂಜೆ ಮಾಡುವುದು ಈಗ ಬೇಡ. ತರಕಾರಿ ಟೇಬಲ್ ಮೇಲೆ ಹೆಚ್ಚಲಿ. ತೂಕ ಜಾಸ್ತಿ ಇದ್ದರೆ ಇಳಿಸಲೇಬೇಕು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿ ಕಮ್ಮಿಯಾಗುತ್ತದೆ.

ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. ನೋವಿನ ಮಾತ್ರೆಗಳನ್ನು ಮಾತ್ರ ಡಾಕ್ಟರ್ ಕೇಳದೆ ನುಂಗಬಾರದು, ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇರುವವರಂತೂ ಮುಟ್ಟಲೇಬಾರದು. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೀನ್‌ಗೆ ದುಡ್ಡು ಸುರಿಯಬೇಡಿ, ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಸಾಬೀತಾಗಿಲ್ಲ.

ಆಪರೇಷನ್ ಮಾತು ಇಷ್ಟೆಲ್ಲ ಮಾಡಿದ ಮೇಲೆ. ರಾತ್ರಿ ನೋವಿಗೆ ನಿದ್ದೆಯೇ ಬರುತ್ತಿಲ್ಲ, ಮನೆಯೊಳಗೂ ಓಡಾಡಲು ಆಗುತ್ತಿಲ್ಲ ಅಂದರೆ ಆಗ ಯೋಚಿಸಿ. 2017ರಲ್ಲಿ ಕೇಂದ್ರ ಸರ್ಕಾರ ಆಪರೇಷನ್‌ನಲ್ಲಿ ಕೂರಿಸುವ ಕೃತಕ ಮಂಡಿಗಳ (ಇಂಪ್ಲಾಂಟ್) ಬೆಲೆಗೆ ಮಿತಿ ಹಾಕಿದೆ. ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಅಲ್ಲೂ ವಿಚಾರಿಸಿ.

ಬೆಳಗ್ಗೆ ಎದ್ದಾಗ ಕೀಲುಗಳ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತದಾ ಅಂತ ಅಮ್ಮನನ್ನು ಕೇಳಿ. ಹಾಗಿದ್ದರೆ ಬೇರೆ ಥರದ ಸಂಧಿವಾತ ಇರಬಹುದು, ಪರೀಕ್ಷೆ ಮಾಡಿಸಿ. ಮಂಡಿ ಕೆಂಪಗೆ ಬಿಸಿಯಾಗಿ ಊದಿ ಜ್ವರ ಬಂದರೆ ಮಾತ್ರ ವ್ಯಾಯಾಮ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.