ಮಡಿಕೇರಿಯ ಮಳೆಗಾಲದಲ್ಲಿ ಸಾಕಿದ ಗೋಸುಂಬೆಗೆ ದಿನಕ್ಕೆ ಎಷ್ಟು ಸಲ ನೀರು ಸಿಂಪಡಿಸಬೇಕು? ಗಾಜಿನ ತೊಟ್ಟಿ ಸಾಕೇ?

ಇವೇ ಎರಡು ಪ್ರಶ್ನೆಗಳು ಹಿಂದೆ ನನ್ನವೂ ಆಗಿದ್ದವು. ನಾಪೋಕ್ಲು ಕಡೆಯ ನಮ್ಮ ತೋಟದ ಮನೆಗೆ ವೇಲ್ಡ್ (ತಲೆಯ ಮೇಲೆ ಎತ್ತರದ ಶಿಖೆಯಿರುವ ವಿದೇಶಿ) ಜಾತಿಯ ಗಂಡು ಗೋಸುಂಬೆಯೊಂದು ಬಂದದ್ದು ಊರು ಬಿಟ್ಟು ಹೋಗುತ್ತಿದ್ದ ಬಂಧುಗಳ ಮನೆಯಿಂದ. ಬೇಸಿಗೆಯುದ್ದಕ್ಕೂ ಅದು ಬಹಳ ಚೆನ್ನಾಗಿತ್ತು. ಜಾಲರಿಯ ಎತ್ತರದ ಗೂಡಿನಲ್ಲಿ ದಾಸವಾಳದ ಗಿಡವನ್ನೇ ಇಟ್ಟಿದ್ದೆವು. ಬಟ್ಟಲಿನ ನೀರನ್ನು ಅದು ಮುಟ್ಟುತ್ತಿರಲಿಲ್ಲ, ಎಲೆಯ ಮೇಲೆ ನಿಂತ ಹನಿಯನ್ನು ಮಾತ್ರ ಕುಡಿಯುತ್ತಿತ್ತು. ಹಾಗಾಗಿ ಪುಸ್ತಕಗಳಲ್ಲಿ ಬರೆದಂತೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ನೀರು ಸಿಂಪಡಿಸುತ್ತಿದ್ದೆ.

ಆಮೇಲೆ ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು ಬಂತು. ಬಿಸಿಲಿನ ಮುಖವನ್ನೇ ಕಾಣದ ದಿನಗಳು, ಗೋಡೆಯಲ್ಲಿ ಪಾಚಿ, ಗಂಟೆಗಟ್ಟಲೆ ಇಲ್ಲದ ವಿದ್ಯುತ್ತು. ಗೋಸುಂಬೆಗೆ ಚಳಿಯಾದೀತೆಂದು ನಾನು ಗೂಡಿನ ಮೂರು ಕಡೆಗೂ ಮೇಲಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಸಿಂಪಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆ ಹಾಳೆಯೇ ಅದರ ಪ್ರಾಣಕ್ಕೆ ಎರವಾಯಿತು. ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕೊಳ್ಳಲು ಹೊರಟಿರುವ ಗಾಜಿನ ತೊಟ್ಟಿ ನಮ್ಮ ಮಳೆಗಾಲದಲ್ಲಿ ಮಾಡುವುದೂ ಅದೇ ಕೆಲಸವನ್ನು.

ಈ ಗೋಸುಂಬೆಯ ಮೂಲ ನೆಲೆ ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ರಾತ್ರಿ ತಂಪಾಗಿ ತೇವ ಏರುವುದನ್ನು ಅದು ಸುಲಭವಾಗಿ ತಾಳಿಕೊಳ್ಳುತ್ತದೆ, ಆದರೆ ಬೆಳಗಾದ ಮೇಲೆ ಸುತ್ತಲಿನ ಗಾಳಿ ಆಡಬೇಕು, ಎಲೆ ಒಣಗಬೇಕು, ಮೈ ಕಾಯಬೇಕು. ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿಯಾದ್ದರಿಂದ, ಮೈ ಕಾಯದಿದ್ದರೆ ಅದಕ್ಕೆ ತಿಂದದ್ದು ಅರಗುವುದಿಲ್ಲ, ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಪ್ಲಾಸ್ಟಿಕ್ ಹಾಳೆಯು ಶಾಖವನ್ನು ಹುಟ್ಟಿಸಲಿಲ್ಲ. ನಾನೇ ಸಿಂಪಡಿಸಿದ ನೀರು ಹೊರಹೋಗದಂತೆ ತಡೆದು, ತಣ್ಣನೆಯ ತೇವದ ಗಾಳಿಯನ್ನು ಹಗಲೂ ರಾತ್ರಿ ಒಳಗೇ ನಿಲ್ಲಿಸಿತು. ಅಂಥ ಗಾಳಿಯಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲುವುದು ಸುಲಭ. ಸರೀಸೃಪಗಳಿಗೆ ನಮಗಿರುವಂಥ ವಪೆ (ಎದೆಗೂ ಹೊಟ್ಟೆಗೂ ನಡುವಿನ, ಉಸಿರಾಟಕ್ಕೆ ನೆರವಾಗುವ ಸ್ನಾಯು) ಇಲ್ಲದ ಕಾರಣ ಕೆಮ್ಮಿ ಕಫವನ್ನು ಹೊರಹಾಕಲು ಅವುಗಳಿಗೆ ಆಗುವುದಿಲ್ಲ, ಅದು ಒಳಗೇ ಕೂಡಿಕೊಳ್ಳುತ್ತದೆ.

ಅದು ಮೂತಿಯನ್ನು ಮೇಲಕ್ಕೆತ್ತಿ ಬಾಯಿ ತೆರೆದು ಕೂರತೊಡಗಿದಾಗ, ಮೈ ಕಾಯಿಸಲೆಂದು ಗೂಡಿಗೆ ಹಾಕುವ ದೀಪದ ಬಿಸಿ ಹೆಚ್ಚಾದರೆ ಗೋಸುಂಬೆಗಳು ಬಾಯಿ ತೆರೆಯುತ್ತವೆ ಎಂದು ಓದಿದ್ದ ನಾನು ಇದೂ ಅದೇ ಎಂದುಕೊಂಡೆ. ವಿದ್ಯುತ್ತಿಲ್ಲದ, ಮೈ ನಡುಗುವ ಮಧ್ಯಾಹ್ನದಲ್ಲಿ ಬಿಸಿ ಎಲ್ಲಿಂದ ಹೆಚ್ಚಾಗಬೇಕು! ಉಸಿರಿನಲ್ಲಿ ಚಿಟಚಿಟ ಸದ್ದು ಕೇಳಿದ ಮೇಲೆಯೇ ಮೈಸೂರಿಗೆ ಹೊರಟದ್ದು. ಅಲ್ಲಿಯ ವೈದ್ಯರು ಮಾಡಬಹುದಾದುದನ್ನೆಲ್ಲ ಮಾಡಿದರು, ಗೋಸುಂಬೆ ಉಳಿಯಲಿಲ್ಲ.

ಆದ್ದರಿಂದ ಎಷ್ಟು ಸಲ ಸಿಂಪಡಿಸಬೇಕೆಂಬ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಗೂಡು ಮಧ್ಯಾಹ್ನದೊಳಗೆ ಒಣಗುತ್ತದೆಯೇ ಎಂಬುದನ್ನು ನೋಡಿ. ಮಳೆಗಾಲದಲ್ಲಿ ದೀಪ ಹಚ್ಚುವ ಮೊದಲು ಬೆಳಿಗ್ಗೆ ಒಮ್ಮೆ ಎಲೆಗಳನ್ನು ಚೆನ್ನಾಗಿ ತೋಯಿಸಿದರೆ ಬಹುಪಾಲು ಸಾಕು. ಹಿಕ್ಕೆಯ ಜೊತೆ ಬರುವ ಬಿಳಿಯ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮಾತ್ರ ನೀರು ಸಾಲದೆಂದು ತಿಳಿಯಿರಿ. ಗಾಜಿನ ತೊಟ್ಟಿ ಖಂಡಿತ ಬೇಡ, ಜಾಲರಿಯ ಗೂಡೇ ಇರಲಿ. ಬೆಚ್ಚಗಿಡಬೇಕಾದದ್ದು ಕೋಣೆಯನ್ನು, ಆದರೆ ಒಲೆಯ ಹೊಗೆ ತಾಗುವ ಕಡೆ ಇಡಬೇಡಿ. ಮೈ ಕಾಯಿಸುವ ಕೊಂಬೆಯ ಬಳಿ ಹಗಲಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇರಬೇಕು, ಮನೆಯ ಟಿವಿಗಿಂತ ಮೊದಲು ಆ ದೀಪವನ್ನು ಇನ್ವರ್ಟರಿಗೆ ಜೋಡಿಸಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಕೊಡುವ ಯುವಿಬಿ ಟ್ಯೂಬ್ ಬೇರೆಯೇ ಬೇಕು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಕಿಟಕಿಯ ಬೆಳಕು ಅದರ ಬದಲಿಗೆ ಆಗದು. ಆ ಕಿರಣವೂ, ಹುಳುಗಳ ಮೇಲೆ ಉದುರಿಸುವ ಕ್ಯಾಲ್ಸಿಯಂ ಪುಡಿಯೂ ಇಲ್ಲದೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ.

ತೋಟದ ಮಿಡತೆಗಳನ್ನು ಹಿಡಿದು ಹಾಕುವ ಆಸೆ ನಿಮಗೂ ಬರಬಹುದು. ಕಾಂಡಕೊರಕ ಹುಳುವಿಗೆಂದು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆಯುವ ಕಾಫಿ ತೋಟದ ಹುಳುವನ್ನು ಗೋಸುಂಬೆಗೆ ತಿನ್ನಿಸುವುದು ವಿಷವನ್ನೇ ತಿನ್ನಿಸಿದಂತೆ. ತಿನ್ನಲು ಸಾಕಿದ ಹುಳುಗಳನ್ನೇ ಕೊಡಿ.

ನಿಮ್ಮದು ಎಲ್ಲಿಂದ ಬಂದದ್ದೆಂದು ನೀವು ತಿಳಿಸಿಲ್ಲ. ಕುಶಾಲನಗರದ ಒಣ ಬಯಲಿನ ಕಡೆ ಸಿಕ್ಕಿದ ನಮ್ಮ ನಾಡಿನ ಗೋಸುಂಬೆಯಾಗಿದ್ದರೆ ಸಾಕುವ ಮಾತನ್ನೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿಡುವುದು ಅಪರಾಧ, ಅದಕ್ಕೆ ಮಾಡುವ ಅನ್ಯಾಯವೂ ಹೌದು. ವಿದೇಶದ್ದಾಗಿದ್ದರೆ ಕಾಗದಪತ್ರ ಕೇಳಿ ಪಡೆಯಿರಿ. ವೇಲ್ಡ್ ಗೋಸುಂಬೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಬೇಕು.

ಇನ್ನು, ಸರೀಸೃಪಗಳನ್ನು ಬಲ್ಲ ವೈದ್ಯರನ್ನು ಮಳೆ ಹಿಡಿಯುವ ಮೊದಲೇ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹುಡುಕಿಟ್ಟುಕೊಳ್ಳಿ. ಆರೋಗ್ಯವಾಗಿರುವಾಗಲೇ ಒಮ್ಮೆ ಕರೆದೊಯ್ದು ತೂಕ ಬರೆಸಿ, ಅನಂತರ ಮನೆಯಲ್ಲಿ ಅಡುಗೆಮನೆಯ ತಕ್ಕಡಿಯಿಂದ ವಾರಕ್ಕೊಮ್ಮೆ ತೂಗುತ್ತಿರಿ. ಗೋಸುಂಬೆ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಆದರೆ ತೂಕ ಮೊದಲೇ ಇಳಿಯುತ್ತದೆ.