ಆಹ್ವಾನ ಬಂತು, ಧೈರ್ಯ ಬರಲಿಲ್ಲ

ಸುಮಾ ಅಂತ ಇಟ್ಟುಕೊಳ್ಳೋಣ. ಹೆಸರು, ಗುರುತು ಬದಲಿಸಿದ್ದೇನೆ. ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವರು ಮದುವೆಯಾಗಿ ಅಮೆರಿಕಕ್ಕೆ ಹೋದರು. ಅಲ್ಲೇ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ, ನೈಟ್ ಡ್ಯೂಟಿ ಮಾಡುತ್ತಲೇ ನರ್ಸಿಂಗ್ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾರೆ. ಕನ್ನಡದಲ್ಲಿ ಮಾತಾಡಬೇಕು ಅನ್ನಿಸಿ ಆಪ್ತಸಮಾಲೋಚಕಿಯಾದ ನನ್ನನ್ನು ವಿಡಿಯೊ ಕಾಲ್‌ನಲ್ಲಿ ಹುಡುಕಿಕೊಂಡು ಬಂದರು.

ಮೊದಲು ಹೇಳಿದ್ದು ನಿದ್ದೆ ಬರಲ್ಲ, ಓದಿದ್ದು ತಲೆಗೆ ಹತ್ತಲ್ಲ ಅಂತ. ಮಾತು ಮುಂದುವರಿದಾಗ ಒಂದು ಪತ್ರದ ವಿಷಯ ಬಂತು. ಸಿಗ್ಮಾ ಎಂಬ ನರ್ಸಿಂಗ್ ಗೌರವ ಸಂಸ್ಥೆಯ, ಅಂದರೆ ಚೆನ್ನಾಗಿ ಓದುವವರನ್ನು ಗುರುತಿಸಿ ಸದಸ್ಯರಾಗಲು ಕರೆಯುವ ಸಂಸ್ಥೆಯ, ಘಟಕ ಅವರ ಕಾಲೇಜಿನಲ್ಲಿದೆ. ಸದಸ್ಯರಾಗಿ ಅಂತ ಕರೆದಿದ್ದಾರೆ. ಇವರು ಉತ್ತರವನ್ನೇ ಕೊಟ್ಟಿಲ್ಲ.

"ಮೇಡಂ, ಅದೆಲ್ಲ ರಿಸರ್ಚ್ ಮಾಡೋರಿಗೆ. ನಾನು ವಾರ್ಡಲ್ಲಿ ಕೆಲಸ ಮಾಡೋಳು. ಅಲ್ಲಿ ಹೋಗಿ ಏನು ಮಾತಾಡಲಿ?" ಜೊತೆಗೆ ಗಂಡನ ಮಾತು ಬೇರೆ: "ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಳ್ಳೋದು ಯಾಕೆ?"

ಗಂಡನ ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ವರ್ಷ ಚಂದಾ ಕಟ್ಟಬೇಕು. ಗೌರವದ ಹೆಸರಲ್ಲಿ ಸುಮ್ನೆ ಹಣ ಕೇಳುವವರೂ ಇದ್ದಾರೆ. ಅದಕ್ಕೇ ಪತ್ರ ನಿಜವೇ ಅಂತ ಕಾಲೇಜಿನಲ್ಲೇ ವಿಚಾರಿಸಲು ಹೇಳಿದೆ. ನಿಜವಾಗಿತ್ತು.

ಸುಮಾ ಅವರ ಭಯದ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಈ ಸಂಸ್ಥೆಯನ್ನು 1922ರಲ್ಲಿ ಶುರು ಮಾಡಿದ್ದು ಇಂಡಿಯಾನಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಆರು ವಿದ್ಯಾರ್ಥಿನಿಯರು. ನರ್ಸ್‌ಗಳ ಸಂಶೋಧನೆಗೆ ಅದು 1936ರಲ್ಲೇ ಹಣ ಕೊಟ್ಟಿತ್ತು. ಈಗಲೂ ಸಣ್ಣ ಅನುದಾನ ಕೊಡುತ್ತದೆ, ಸಮ್ಮೇಳನ ನಡೆಸುತ್ತದೆ, ಸಂಶೋಧನಾ ಪತ್ರಿಕೆಗಳನ್ನು ತರುತ್ತದೆ. ಮೊದಲ ಸಲ ಪೋಸ್ಟರ್ ಮಾಡುವವರಿಗೂ, ಅಂದರೆ ತಮ್ಮ ಅಧ್ಯಯನವನ್ನು ಒಂದು ದೊಡ್ಡ ಹಾಳೆಯಲ್ಲಿ ತೋರಿಸುವವರಿಗೂ, ಅಲ್ಲಿ ಜಾಗ ಇದೆ. ಇದನ್ನೆಲ್ಲ ಹೇಳಿ, "ವಾರ್ಡಿನಲ್ಲಿ ನಿಮಗೆ ಮತ್ತೆ ಮತ್ತೆ ಕಾಡುವ ವಿಷಯ ಯಾವುದು?" ಅಂತ ಕೇಳಿದೆ.

ತಕ್ಷಣ ಹೇಳಿದರು. ಸೊಂಟದ ಆಪರೇಷನ್ ಆದ ವಯಸ್ಸಾದವರಿಗೆ ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡೇ ಇದ್ದು ಹುಣ್ಣು ಆಗುತ್ತದೆ. ಮೀನಖಂಡದ ಕೆಳಗೆ ದಿಂಬನ್ನು ಉದ್ದಕ್ಕೆ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಎಲ್ಲರಿಗೂ ಗೊತ್ತು. ಆದರೂ ಶಿಫ್ಟ್ ಬದಲಾಗುವ ಹೊತ್ತಿಗೆ ದಿಂಬು ಜಾರಿರುತ್ತದೆ, ಯಾರೂ ಗಮನಿಸಿರಲ್ಲ. ಯಾಕೆ? ಏನು ಮಾಡಿದರೆ ಅದು ಗಮನಕ್ಕೆ ಬರುತ್ತದೆ? ಇದನ್ನೆಲ್ಲ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದರು. ಹೇಳುವಾಗ ದನಿಯೇ ಬೇರೆಯಾಗಿತ್ತು. ಸಂಶೋಧನೆ ಹುಟ್ಟುವುದು ಇಂಥ ಪ್ರಶ್ನೆಯಿಂದಲೇ, ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಸದಸ್ಯತ್ವ ತಗೊಳ್ಳಿ, ಆದರೆ ಒಂದು ವರ್ಷಕ್ಕೆ ಅಂತ ಅಂದುಕೊಳ್ಳಿ. ಉಪಯೋಗ ಆಗದಿದ್ದರೆ ಬಿಡಿ, ಬರೀ ಹೆಸರಿಗೆ ಮುಂದುವರಿಸಬೇಡಿ. ಅನುದಾನದ ಅರ್ಜಿ ಈಗಲೇ ಬೇಡ. ಮೊದಲು ಘಟಕದವರು ಪೋಸ್ಟರ್ ಇಡುವ ದಿನ ಹೋಗಿ, ನಿಂತು ಓದಿ, ಬರೆದವರನ್ನು ಮಾತಾಡಿಸಿ. ಆಮೇಲೆ ಒಬ್ಬ ಅಧ್ಯಾಪಕರ ಹತ್ತಿರ ಈ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಅವರಿಗೆ ತೊಂದರೆ ಕೊಡುತ್ತಿದ್ದೇನೆ ಅಂತ ಹಿಂಜರಿಯಬೇಡಿ. ಅಧ್ಯಾಪಕರೂ ಸಂಶೋಧನೆ ಮಾಡಲೇಬೇಕು. ರಾತ್ರಿ ಪಾಳಿಯಲ್ಲಿ ಕಣ್ಣಾರೆ ಕಂಡು ಬಂದ ವಿದ್ಯಾರ್ಥಿ ಅವರಿಗೂ ಬೇಕು.

ಒಂದು ವಿಷಯವನ್ನು ಒತ್ತಿ ಹೇಳಿದೆ. ಆ ನೋಟ್‌ಬುಕ್‌ನಲ್ಲಿ ಬೆಡ್ ನಂಬರ್ ಇದ್ದವು. ಅದು ರೋಗಿಗಳ ಖಾಸಗಿ ವಿಷಯ. ಯಾರಿಗೂ ತೋರಿಸಬೇಡಿ, ಆಸ್ಪತ್ರೆಯ ನಿಯಮ ಕೇಳಿಕೊಳ್ಳಿ, ಸಂಶೋಧನೆಯಿಂದ ರೋಗಿಗಳಿಗೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಬೇಕಾ ಅಂತ ಅಧ್ಯಾಪಕರ ಹತ್ತಿರ ಮಾತಾಡದೆ ಮಾಹಿತಿ ಸಂಗ್ರಹಕ್ಕೆ ಕೈ ಹಾಕಬೇಡಿ ಅಂದೆ.

ಸುಮಾ ಸದಸ್ಯರಾದರು. ಅಧ್ಯಾಪಕಿಯೊಬ್ಬರು ಪ್ರಶ್ನೆಯನ್ನು ಇನ್ನೂ ಚಿಕ್ಕದು ಮಾಡಿಸಿದ್ದಾರೆ: ಶಿಫ್ಟ್ ಬದಲಾಗುವಾಗ ಹಿಮ್ಮಡಿ ನೋಡುವುದು ಮಾತ್ರ. ಈಗ ಹಳೆಯ ಅಧ್ಯಯನಗಳನ್ನು ಓದುತ್ತಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ. ಅದಕ್ಕೆ ನೈಟ್ ಡ್ಯೂಟಿಯೂ ಕಾರಣ. ಡ್ಯೂಟಿ ಕಡಿಮೆ ಮಾಡಿಕೊಳ್ಳುವ ಬಗ್ಗೆ ಮುಂದಿನ ಸಲ ಗಂಡನನ್ನೂ ಕೂರಿಸಿಕೊಂಡು ಮಾತಾಡುತ್ತೇವೆ.